ತಣ್ಣೀರು ಬಿದ್ದ ಪಾದಗಳು

ಶಾಖ ನೋಡುವ ಕ್ಯಾಮೆರಾದ ಪರದೆಯ ಮೇಲೆ ಹುಚ್ಚಯ್ಯನ ಎರಡೂ ಪಾದ ಕಡುನೀಲಿ, ಎಂದರೆ ತಣ್ಣಗೆ. ಪಕ್ಕದವರದ್ದೂ ನೀಲಿ. ಅಂಬೇಡ್ಕರ್ ಭವನದಲ್ಲಿ ಸಾಲಾಗಿ ಕೂತಿದ್ದವರ ಕಾಲೆಲ್ಲ ಒಂದೇ ಬಣ್ಣ. ಕವನ ಪರದೆಯಿಂದ ತಲೆಯೆತ್ತಿದಳು.

"ತಾತ, ಕಾಲು ತೊಳ್ಕೊಂಡು ಬಂದ್ರಾ?"

"ತೊಳೀದೆ ಎಂಗವ್ವ ಬರದು?" ಎಂದ ಹುಚ್ಚಯ್ಯ. "ಗದ್ದೆ ಕೆಸರು ತಂದು ಓದಿರೋ ಮಗಿನ ಮುಂದ್ಕೆ ಇಡದಾ? ಮ್ಯಾಲೆ ಬಾಬಾಸಾಹೇಬ್ರು ಬ್ಯಾರೆ ನೋಡ್ತಾ ಅವ್ರೆ."

ಗೋಡೆಯ ಮೇಲಿನ ಫೋಟೋದ ಕಡೆ ಕಾಲು ಚಾಚಬಾರದೆಂದು ಅವರೆಲ್ಲ ಕುರ್ಚಿಗಳನ್ನೂ ತಿರುಗಿಸಿಕೊಂಡು ಕೂತಿದ್ದರು. ಹೊರಗೆ ನಲ್ಲಿಯ ಹತ್ತಿರ ಕವನಳ ದೊಡ್ಡವ್ವ ಪಾಪಮ್ಮ ಸೀರೆ ಎತ್ತಿ ಕಟ್ಟಿ, ಚೊಂಬು ಹಿಡಿದು, ಬಂದವರ ಕಾಲಿಗೆಲ್ಲ ತಣ್ಣೀರು ಸುರಿಯುತ್ತಿದ್ದಳು. ಮೂಗೂರಿನ ಆ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇದ್ದವರ ಮನೆಮನೆಗೂ ಹೋಗಿ ಕರೆತಂದವಳೂ ಅವಳೇ.

ಕವನ ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್.ಡಿ ಮಾಡುತ್ತಿದ್ದಳು. ಪಾದದೊಳಗೆ ರಕ್ತ ಹರಿದಂತೆ ಶಾಖ ಹೇಗೆ ಚರ್ಮದವರೆಗೆ ಬರುತ್ತದೆ, ಹರಿಯದಿದ್ದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಹೋದ ವರ್ಷ ಸಕ್ಕರೆ ಕಾಯಿಲೆಯಿಂದ ನಟರಾಜ ಮಾವನ ಕಾಲನ್ನು ಮಂಡಿಯವರೆಗೆ ತೆಗೆದಾಗ, ಗಾಯ ಆಗುವ ಮೊದಲೇ ಗೊತ್ತಾಗುವಂತಿದ್ದರೆ ಎಂದುಕೊಂಡವಳು ಈ ವಿಷಯಕ್ಕೇ ಅಂಟಿಕೊಂಡಳು. ಲೆಕ್ಕ ಮುಗಿದಿತ್ತು. ನಿಜವಾದ ಪಾದಗಳಿಗೆ ಅದು ತಾಳೆಯಾಗುತ್ತದೆಂದು ತೋರಿಸುವುದು ಬಾಕಿ. ಅದಿಲ್ಲದೆ ಮುಂದಕ್ಕೆ ಒಂದು ಹೆಜ್ಜೆ ಇಡಲೂ ಅವಳ ಗೈಡ್ ಮಹಾದೇವಸ್ವಾಮಿ ಸರ್ ಒಪ್ಪುವವರಲ್ಲ.

ಶಾಖ ನೋಡುವ ಆ ಕ್ಯಾಮೆರಾ ಅವಳದಲ್ಲ, ಅದೇ ಕಾಲೇಜಿನಲ್ಲಿ ಬ್ಯಾಟರಿಗಳ ಮೇಲೆ ಸಂಶೋಧನೆ ಮಾಡುವ ರಘುವಿನ ಲ್ಯಾಬಿನದು. ಭಾನುವಾರ ಒಂದೇ ದಿನಕ್ಕೆ ಎಂದು ಕಾಡಿಬೇಡಿ ತಂದಿದ್ದಳು. ಬರಿಗಾಲಲ್ಲಿ ಬನ್ನಿ ಎಂದು ಹೇಳಿದ್ದಳು, ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಎಂದಿದ್ದಳು. ತಣ್ಣೀರು ಬಿದ್ದರೆ ಎಲ್ಲರ ಕಾಲೂ ಒಂದೇ ಥರ ಕಂಡು ವ್ಯತ್ಯಾಸ ಮುಚ್ಚಿಹೋಗುತ್ತದೆ, ಆದ್ದರಿಂದ ತೊಳೆಯಬೇಡಿ ಎನ್ನಲು ಮಾತ್ರ ಹೊಳೆದಿರಲಿಲ್ಲ. ಕಾಲು ತೊಳೆದು ಒಳಗೆ ಬರುವುದು ಅವಳಿಗೂ ಉಸಿರಾಡಿದಷ್ಟೇ ಸಹಜವಾಗಿತ್ತು.

ಅವಳ ಮುಖ ನೋಡಿ ಪಾಪಮ್ಮ ಬಾಗಿಲಲ್ಲೇ ನಿಂತಳು. "ಒಳ್ಳೇದು ಮಾಡಕ್ಕೋಗಿ ಕೆಡಿಸ್ಬುಟ್ನಾ ಮಗ?"

"ನಂದೇ ತಪ್ಪು ಬುಡು ದೊಡ್ಡವ್ವ" ಎಂದು ಕವನ ಹೊರಗೆ ಬಂದು ರಘುವಿಗೆ ಫೋನ್ ಮಾಡಿದಳು. ಇನ್ನೊಂದೇ ಒಂದು ದಿನ ಕ್ಯಾಮೆರಾ ಇಟ್ಟುಕೊಳ್ಳಲಾ ಎಂದು ಕೇಳಿದಳು.

"ಆಗಲ್ಲ ಮಾರಾಯ್ತಿ, ನಾಳೆ ಬೇಕೇ ಬೇಕು. ಬ್ಯಾಟರಿ ಕಾಯಿಸಿ ಬಿಟ್ಟು, ಎಲ್ಲಾ ಸೆಲ್ಲೂ ಒಂದೇ ಸಮ ತಣ್ಣಗಾಗ್ತವಾ ನೋಡಬೇಕು. ಯಾವುದು ಹಿಂದೆ ಬೀಳುತ್ತೋ ಅದರೊಳಗೆ ಏನೋ ಕೆಟ್ಟಿದೆ ಅಂತ ಅರ್ಥ. ಹಲೋ? ಇದ್ದೀಯಾ?"

ಕವನ ಫೋನ್ ಕಿವಿಗೆ ಹಿಡಿದೇ ನಲ್ಲಿಯನ್ನು ನೋಡುತ್ತಿದ್ದಳು. ಎಲ್ಲರ ಕಾಲಿಗೂ ಒಂದೇ ನಲ್ಲಿಯ ನೀರು. ಎಲ್ಲರ ಪಾದಗಳೂ ತಣ್ಣಗಾಗಿವೆ. ಇನ್ನು ಒಂದೊಂದೂ ಬೆಚ್ಚಗಾಗಬೇಕು. ಆ ಬಿಸಿ ತರುವುದು ರಕ್ತವೇ; ಯಾವ ಕಾಲು ಹಿಂದೆ ಬೀಳುತ್ತದೋ ಅಲ್ಲಿ ರಕ್ತ ಸರಿಯಾಗಿ ಹರಿಯುತ್ತಿಲ್ಲ.

"ಇದ್ದೀನಿ. ನಾಳೆ ತಂದುಕೊಡ್ತೀನಿ" ಎಂದು ಫೋನ್ ಇಟ್ಟು ಒಳಗೆ ಓಡಿದಳು. "ಯಾರೂ ಏಳ್ಬ್ಯಾಡಿ. ಕಾಲು ಒರೆಸ್ಕೊಂಡು ಅಂಗೇ ಕೂತಿರಿ."

ಒಬ್ಬೊಬ್ಬರ ಮುಂದೂ ಮಂಡಿಯೂರಿ, ಮತ್ತೆ ಮತ್ತೆ ಚಿತ್ರ ತೆಗೆದಳು. ನೀಲಿ ಕರಗಿ ಹಸಿರಾಯಿತು, ಹಸಿರು ಹಳದಿಯಾಯಿತು. ಹುಚ್ಚಯ್ಯ ಬಗ್ಗಿ ಪರದೆ ನೋಡಿ, "ಅಲ್ನೋಡ್ಲಾ, ನನ್ ಕಾಲು ರಸಪುರಿ ಮಾವಿನಣ್ಣಾಯ್ತು. ನಿಂದಿನ್ನೂ ಕಾಯಿ" ಎಂದು ಪಕ್ಕದವನನ್ನು ತಿವಿದ. ಕಾಯಿಯಾಗೇ ಉಳಿದ ಒಂದಿಬ್ಬರಿಗೆ ಕವನ ಮೆಲ್ಲಗೆ, ನರಸೀಪುರದ ಆಸ್ಪತ್ರೆಯಲ್ಲಿ ಕಾಲು ತೋರಿಸಿ ಎಂದು ಹೇಳಿ ಕಳಿಸಿದಳು.

ಭವನ ಖಾಲಿಯಾಯಿತು. ಪಾಪಮ್ಮ ಕುರ್ಚಿ ಜೋಡಿಸತೊಡಗಿದಳು.

"ದೊಡ್ಡವ್ವ, ನೀನೊಬ್ಳು ಉಳ್ಕಂಡೆ. ಬಾ ಕೂತ್ಕೊ."

"ನಂಗೇನಾಗದೆ? ನೋವಿಲ್ಲ, ಉರಿ ಇಲ್ಲ. ಸಕ್ಕರೆ ಕಾಯಿಲೆ ಮಾತ್ರೆ ನುಂಗ್ತಾವ್ನಿ."

"ನಂಗೋಸ್ಕರ."

ಆ ಮಾತಿಗೆ ಪಾಪಮ್ಮ ಸೋಲದಿದ್ದ ದಿನವಿಲ್ಲ. ಕೂತಳು. ಬೆಳಗಿನಿಂದ ನೀರಲ್ಲೇ ನಿಂತ ಪಾದಗಳು ಬಿಳಿಚಿಕೊಂಡಿದ್ದವು. ಕವನ ಒರೆಸಿ ಕಾದಳು. ಬಲಗಾಲು ನಿಧಾನವಾಗಿ ಹಳದಿಗೆ ತಿರುಗಿತು. ಎಡಗಾಲಿನ ಕಿರುಬೆರಳೂ ಅದರ ಪಕ್ಕದ್ದೂ ನೀಲಿಯಾಗೇ ಉಳಿದವು. ಕಾದಳು. ಮತ್ತೆ ನೋಡಿದಳು. ನೀಲಿಯೇ.

ಆ ಕಿರುಬೆರಳನ್ನು ಹಿಡಿದು ಗಟ್ಟಿಯಾಗಿ ಒತ್ತಿದಳು. "ಕಣ್ಮುಚ್ಚು ದೊಡ್ಡವ್ವ. ಈಗ ಯಾವ ಬೆರಳು ಮುಟ್ಟಿದ್ದೀನಿ, ಹೇಳು."

ಪಾಪಮ್ಮ ಕಣ್ಣು ಮುಚ್ಚಿ ನಗುತ್ತಾ, "ಮುಟ್ಟು ಮೊದ್ಲು, ಆಮೇಕೆ ಕೇಳು" ಎಂದಳು.

ಕವನ ಬೆರಳು ಬಿಡಲಿಲ್ಲ.

ಪಾಪಮ್ಮ ಕಣ್ಣು ತೆರೆದಳು. ತನ್ನ ಬೆರಳನ್ನು, ಅದನ್ನು ಹಿಡಿದ ಕೈಯನ್ನು ನೋಡಿದಳು. ನಗು ಮಾಸಿತು. "ನಟರಾಜಂಗೂ ಇಂಗೇ ಆಗಿದ್ದಾ?"

"ಮಾವಂಗೆ ಗೊತ್ತಾಗೋ ವೊತ್ಗೆ ಗಾಯ ಕೊಳೆತೋಗಿತ್ತು. ನಿಂಗಿನ್ನೂ ಗಾಯನೇ ಆಗಿಲ್ಲ. ಬೆಳಗ್ಗೆ ಕ್ಯಾಮೆರಾ ಕೊಡಕ್ಕೋಯ್ತೀನಲ್ಲ, ನೀನೂ ಬಾ ಮೈಸೂರಿಗೆ. ದೊಡ್ಡಾಸ್ಪತ್ರೆಗೆ ತೋರ್ಸನ."

ಪಾಪಮ್ಮ ಬಗ್ಗಿ ಆ ಬೆರಳನ್ನು ತಾನೇ ಒಮ್ಮೆ ಚಿವುಟಿ ನೋಡಿದಳು. ಆಮೇಲೆ ಕೇಳಿದಳು: "ಅಲ್ಗೆ ಕಾಲು ತೊಳ್ಕಂಡು ಬರ್ಬೇಕಾ, ಬ್ಯಾಡ್ವಾ? ಈಗ್ಲೇ ಯೋಳ್ಬುಡು."

ಕವನ ದುಪಟ್ಟಾದ ಚುಂಗಿನಿಂದ ಅವಳ ಬೆರಳ ಸಂದಿಯ ತೇವವನ್ನು ಒಂದೊಂದಾಗಿ ಒರೆಸಿದಳು. "ನಾನೇ ತೊಳ್ದು ಕರ್ಕೊಂಡೋಯ್ತೀನಿ. ಉಗುರುಬೆಚ್ಚನೆ ನೀರಲ್ಲಿ."