ಭಾವನಾ ಬಾಯಿಬಿಡದ ಸುದ್ದಿ

ಭಾವನಾಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ವಡಪಳನಿಯ ಆ ಡಬ್ಬಿಂಗ್ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. ಸಂಬಳ, ರಜೆ, ಇನ್ಶೂರೆನ್ಸ್ ನೋಡಿಕೊಳ್ಳುವ ಹೆಂಗಸು. ಯಾರಿಗೆ ಇಂಕ್ರಿಮೆಂಟು, ಯಾರಿಗೆ ಗಂಡು ಗೊತ್ತಾಯಿತು, ಎಲ್ಲವೂ ಮಧ್ಯಾಹ್ನದ ಊಟದ ಹೊತ್ತಿಗೆ ಬಯಲು. ಕೆಟ್ಟ ಮನಸ್ಸಿನವಳಲ್ಲ, ಪಾಪ. ಮೈಲಾಪೂರಿನ ತುಂಬಿದ ತಮಿಳು ಮನೆಯಲ್ಲಿ ಬೆಳೆದವಳಿಗೆ ಸುದ್ದಿ ಇಟ್ಟುಕೊಂಡು ಕೂರುವುದೆಂದರೆ ತಿಂಡಿ ಬಚ್ಚಿಟ್ಟುಕೊಂಡು ತಿಂದ ಹಾಗೆ.

ಒಂದು ಬೆಳಿಗ್ಗೆ ಆಸ್ಪತ್ರೆಯ ಇನ್ಶೂರೆನ್ಸ್ ವಿಭಾಗದವರು ಫೋನ್ ಮಾಡಿದರು. ನಿಮ್ಮ ರಚನಾಗೆ ಗರ್ಭಪಾತವಾಗಿದೆ ಎಂದು ಸಲೀಸಾಗಿ ಹೇಳಿ ಪಾಲಿಸಿ ನಂಬರ್ ಕೇಳಿದರು. ರಚನಾ ಮೈಸೂರಿನಿಂದ ಬಂದ ಹುಡುಗಿ, ಕನ್ನಡ ಸಂಭಾಷಣೆ ತಿದ್ದುವ ಕೆಲಸ. ಜ್ವರವೆಂದು ಎರಡು ದಿನ ರಜೆ ಹಾಕಿ, ಅವತ್ತು ಆಗಲೇ ಬಂದು ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಭಾವನಾ ಎದ್ದು ಹೋಗಿ ಅವಳನ್ನು ಮೆಟ್ಟಿಲ ಹತ್ತಿರ ಕರೆದಳು.

"ಯಾಕಮ್ಮಾ ಬಂದೆ? ಇದಕ್ಕೆ ಕಾನೂನಲ್ಲೇ ಸಂಬಳ ಸಮೇತ ಆರು ವಾರ ಲೀವ್ ಇರ್ಕು. ಡಾಕ್ಟರ್ ಚೀಟಿ ನನ್ ಹತ್ರ ಕೊಡು, ಪೋದುಂ, ಅಷ್ಟು ಸಾಕು."

ರಚನಾ ಮೆಟ್ಟಿಲ ಕಂಬಿ ಹಿಡಿದುಕೊಂಡಳು. "ಅಯ್ಯೋ ದೇವ್ರೇ, ಹೋಗಿ ಹೋಗಿ ನಿಮಗೇ ಗೊತ್ತಾಗ್ಬೇಕಾ ಅಕ್ಕಾ! ನಮ್ಮತ್ತೆಗೂ ಹೇಳಿಲ್ಲ ನಾನು. ರಜೆ ಬೇಡ. ಎಲ್ರೂ ಅಯ್ಯೋ ಪಾಪ ಅಂತ ನೋಡಿದ್ರೆ ನನ್ ಕೈಲಿ ತಡ್ಕೊಳಕ್ಕಾಗಲ್ಲ."

ಭಾವನಾಗೆ ಕಪಾಳಕ್ಕೆ ಬಿಗಿದಂತಾಯಿತು. ಮಾತು ನಿಜವಾದ್ದರಿಂದ ಇನ್ನೂ ಜೋರಾಗಿ ತಾಕಿತು. "ಪೆರುಮಾಳ್ ದೇವರಾಣೆ, ಹೇಳಲ್ಲ," ಎಂದಳು. ರಚನಾ ನಂಬಲಿಲ್ಲ. ಆದರೆ ಸೊಂಟನೋವಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಸಂಜೆ ಚೀಟಿ ಕೊಟ್ಟು ಹೋದಳು.

ರಜೆ ಅರ್ಜಿ ನೋಡಿ ಮ್ಯಾನೇಜರ್ ಶ್ರೀನಾಥ್ ಹುಬ್ಬೇರಿಸಿದ. "ಆರು ವಾರವಾ? ಏನಾಗಿದೆ ಅವಳಿಗೆ?"

"ಮೆಡಿಕಲ್, ಸಾರ್. ಸರ್ಟಿಫಿಕೇಟ್ ನನ್ನ ಹತ್ರ ಇದೆ. ಕಾರಣ ಅವಳ ಸ್ವಂತದ್ದು."

ಅವನು ಬಿದ್ದು ಬಿದ್ದು ನಕ್ಕ. "ನೀವಾ ಮೇಡಂ ಇದನ್ನ ಹೇಳೋದು? ಕಾರಣ ಗೊತ್ತಾಗದೆ ನಾನು ಸೈನ್ ಹಾಕಲ್ಲ."

"ಹಾಗಾದ್ರೆ ಕಾನೂನು ಕೊಟ್ಟ ರಜೆ ಇಲ್ಲ ಅಂದ್ರಿ ಅಂತ ಮೇಲಿನವರಿಗೆ ಬರೀತೀನಿ," ಎಂದಳು ಭಾವನಾ. ಅರ್ಜಿಯನ್ನು ಮತ್ತೆ ಅವನ ಮುಂದೆ ಸರಿಸಿದಳು. ಅವನು ಗೊಣಗುತ್ತಾ ಸಹಿ ಹಾಕಿದ.

ಊಟದ ಮೇಜಿನವರು ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? ಬೇರೆ ಕಂಪನಿ ಸೇರಿದಳಾ, ಗಂಡನ ಜೊತೆ ಜಗಳವಾ ಎಂದು ದಿನಾ ಕೆದಕಿದರು. "ಸಿಹಿ ಸುದ್ದಿ ತಾನೇ?" ಎಂದು ಒಬ್ಬಳು ಕಣ್ಣು ಮಿಟುಕಿಸಿದಾಗ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಭಾವನಾ ಗಟಗಟನೆ ನೀರು ಕುಡಿದು, "ಎನಕ್ಕು ತೆರಿಯಾದು, ನಂಗೇನೂ ಗೊತ್ತಿಲ್ಲ," ಎಂದಳು. ಭಾವನಾಗೆ ಜಂಬ ಬಂದಿದೆ ಎಂದು ಅವರೆಲ್ಲ ಮುಖ ತಿರುಗಿಸಿದರು. ಅವಳು ಮೇಜಿನ ತುದಿಯಲ್ಲಿ ಒಬ್ಬಳೇ ಊಟ ಮಾಡತೊಡಗಿದಳು. ಅದು ಅವಳಿಗೆ ನಿಜವಾಗಿಯೂ ಕಷ್ಟವಾಯಿತು.

ರಜೆ ಮುಗಿಸಿ ಬಂದ ರಚನಾಳನ್ನು ಎಲ್ಲರೂ ಮುತ್ತಿಕೊಂಡರು. "ಎಲ್ಲಿಗೆ ಹೋಗಿದ್ದೆ? ಈ ಭಾವನಾ ಬಾಯೇ ಬಿಡಲಿಲ್ಲ ನೋಡು!" ಎಂದು ದೂರಿದರು. ಹುಷಾರಿರಲಿಲ್ಲ ಎಂದಷ್ಟೇ ಹೇಳಿ, ರಚನಾ ತನ್ನ ಡಬ್ಬಿ ಎತ್ತಿಕೊಂಡು ಮೇಜಿನ ತುದಿಗೆ ಬಂದಳು. ಡಬ್ಬಿ ಬಿಚ್ಚಿ ಅನ್ನ ಕಲಸಿದಳು.

"ಅಕ್ಕಾ," ಎಂದಳು ಮೆಲ್ಲಗೆ, "ಹೆಣ್ಣಾದ್ರೆ ಇಡೋಣ ಅಂತ ಒಂದು ಹೆಸರು ಇಟ್ಕೊಂಡಿದ್ದೆ. ನಮ್ಮನೆಯವರಿಗೂ ಹೇಳಿಲ್ಲ."

ಭಾವನಾಳ ಕಣ್ಣು ತುಂಬಿತು. "ಏನು ಹೆಸರಮ್ಮಾ?"

ರಚನಾ ಹತ್ತಿರ ಬಗ್ಗಿ ಹೇಳಿದಳು. ಭಾವನಾ ಅದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.