ಮೇಷ್ಟ್ರ ಪಾಲಿನ ಲಿನಕ್ಸ್

ಸೊಸೆ ನಮ್ಮ ಮೇಷ್ಟ್ರ ವಂಶಾವಳಿಯನ್ನು ಅಳಿಸಿಬಿಟ್ಟಿದ್ದಾಳೆ ಎಂಬ ಅನುಮಾನ ಮೊದಲು ಬಂದದ್ದು ಮೇಷ್ಟ್ರಿಗಲ್ಲ, ನನಗೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ರಾಜಧಾನಿ ಬಿಷ್ಕೆಕ್ಕಿನ ಹುಡುಗಿ, ಮಾತು ಕಡಿಮೆ. ಬಾಯಿ ಬಿಡದವರ ಹೊಟ್ಟೆಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು?

ಮೇಷ್ಟ್ರು ಅಂದರೆ ನನ್ನ ಗಂಡ. ಕರಾಕೋಲಿನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಮೇಷ್ಟ್ರೇ ಎನ್ನುತ್ತದೆ, ನಾನೂ ಹಾಗೇ ಎನ್ನುತ್ತೇನೆ. ನಿವೃತ್ತಿಯಾದ ಮೇಲೆ ಹಳ್ಳಿ ಹಳ್ಳಿ ತಿರುಗಿ, ಹಲ್ಲಿಲ್ಲದ ಮುದುಕರನ್ನೆಲ್ಲ ಮಾತಾಡಿಸಿ, ನಮ್ಮ ಕುಲದ ವಂಶಾವಳಿಯನ್ನು ಕಂಪ್ಯೂಟರಿಗೆ ಹಾಕುತ್ತ ಬಂದಿದ್ದರು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಅದರಲ್ಲಿ, ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಕೂರಿಸಿಕೊಟ್ಟಿದ್ದ. ಡಿಸ್ಕಿನ ಆ ಭಾಗಕ್ಕೆ ಏನು ಹೆಸರಿಡಲಿ ಎಂದು ಅವನು ಕೇಳಿದಾಗ ಮೇಷ್ಟ್ರು, "ನಂದೇ ಇಡು, ಬೇರೆ ಯಾರೂ ಕೈ ಹಾಕ್ಬಾರ್ದು" ಅಂದಿದ್ದರು. ಅಷ್ಟು ಅನುಮಾನದ ಮನುಷ್ಯ. ವಂಶಾವಳಿಯ ಇನ್ನೊಂದು ಪ್ರತಿಯನ್ನೂ ತೆಗೆದಿಟ್ಟಿರಲಿಲ್ಲ, ದಾಯಾದಿಗಳು ಕದ್ದು ತಮ್ಮದೆಂದು ಹೇಳಿಕೊಂಡಾರು ಅಂತ.

ಬರುವ ಶನಿವಾರ, ತೀರಿಕೊಂಡ ಮೇಷ್ಟ್ರ ಅಣ್ಣನ ವರ್ಷದೂಟ. ಕುದುರೆ ಕಡಿದು, ಕುಲದವರೆಲ್ಲ ಸೇರಿದಾಗ ವಂಶಾವಳಿಯನ್ನು ಓದುವುದು ಎಂದು ಮಾತಾಗಿತ್ತು. ಅದೇ ವಾರ ಸೊಸೆ ಬೇಗಾಯಿಮ್‌ಳ ಕಂಪ್ಯೂಟರ್ ಕೆಟ್ಟು ಕೂತಿತು. ಅವಳು ಮನೆಯಿಂದಲೇ ಯಾವುದೋ ಕಚೇರಿಗೆ ನಕ್ಷೆ ಬಿಡಿಸುವವಳು, ಅವಳ ಕೆಲಸಕ್ಕೆ ಹೊಸ ಲಿನಕ್ಸೇ ಬೇಕಂತೆ. ಗಣಿಯ ಪಾಳಿಯಲ್ಲಿದ್ದ ಮಗ ತಿಲೆಕ್ ಫೋನು ಮಾಡಿ, "ಅಪ್ಪನ ಡಿಸ್ಕಲ್ಲಿ ಅರ್ಧ ಖಾಲಿ ಇದೆಯಲ್ಲ, ಅವಳಿಗೆ ಕೊಡಿ" ಅಂದ. ಮೇಷ್ಟ್ರು ಗೊಣಗುತ್ತಲೇ ಕೊಟ್ಟರು.

ಬೇಗಾಯಿಮ್ ಬೆಳಿಗ್ಗೆ ತನ್ನ ಲಿನಕ್ಸನ್ನು ಕೂರಿಸಿದಳು. ಮಧ್ಯಾಹ್ನ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಕೂತು ಯಂತ್ರ ಹಚ್ಚಿದರೆ ಅವಳದ್ದೊಂದೇ ಇದೆ, ಮೇಷ್ಟ್ರದ್ದು ಇಲ್ಲ.

"ನಂದೆಲ್ಲಿ?"

"ಇದೆ ಆತಾ, ಎಲ್ಲೂ ಹೋಗಿಲ್ಲ" ಅಂದಳು. ಮಾವನನ್ನು ಅವಳು ಆತಾ ಎಂದೇ ಕರೆಯುವುದು. "ಶುರುವಿನಲ್ಲಿ ಯಾವುದು ಬೇಕು ಅಂತ ಕೇಳೋ ಬೂಟ್ ಲೋಡರ್ ಈಗ ಹೊಸದು. ಪಕ್ಕದಲ್ಲಿ ಇನ್ನೊಂದು ಲಿನಕ್ಸ್ ಇದೆ ಅಂತ ಅದಕ್ಕೆ ತಾನಾಗಿ ಗೊತ್ತಾಗಲ್ಲ. ನಾವು ಬರೆದು ಹೇಳ್ಬೇಕು."

"ಮನೆಗೆ ಹೊಸಬರು ಬಂದ ಕೂಡ್ಲೆ ಹಳಬರು ಇರೋದೇ ಗೊತ್ತಾಗಲ್ವಾ? ಚೆನ್ನಾಗಿದೆ" ಅಂದರು ಮೇಷ್ಟ್ರು.

ಅವಳು ತಲೆ ತಗ್ಗಿಸಿ ಕೆಲಸಕ್ಕೆ ಕೂತಳು. ನಾನು ಬೋರ್ಸೋಕ್ ಕರಿಯಲು ಹಿಟ್ಟು ಕತ್ತರಿಸುತ್ತ ಒಂದು ಕಣ್ಣು ಅವಳ ಮೇಲೆ ಇಟ್ಟಿದ್ದೆ. ಹಿಂದಿನ ತಿಂಗಳಷ್ಟೇ ಅವಳು ವಂಶಾವಳಿ ನೋಡಿ, "ಅಪಾ, ಇದರಲ್ಲಿ ಒಬ್ಬ ಹೆಂಗಸೂ ಇಲ್ವಲ್ಲ" ಎಂದು ಅತ್ತೆಯಾದ ನನ್ನ ಹತ್ತಿರ ನಕ್ಕಿದ್ದಳು. ಆಗ ನಾನೂ ನಕ್ಕಿದ್ದೆ. ಈಗ ಆ ನಗು ನೆನಪಾಗಿ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ಸಿಟ್ಟಿಗೆ ಎಲ್ಲವನ್ನೂ ಒರೆಸಿ ಹಾಕಿದಳೋ ಏನೋ?

ಅವಳು ಚೀಟಿಯಲ್ಲಿ ಏನೋ ಬರೆದುಕೊಂಡಳು, ಯಂತ್ರ ಆರಿಸಿ ಮತ್ತೆ ಹಚ್ಚಿದಳು. ಕಪ್ಪು ಪರದೆ ಬಂತು. ಚೀಟಿ ನೋಡಿ ನೋಡಿ, ಡಿಸ್ಕಿನಲ್ಲಿ ಮೇಷ್ಟ್ರ ಭಾಗದ ಗುರುತಿನ ನಂಬರಂತೆ, ಅಂಕಿ ಅಕ್ಷರ ಕಲಸಿದ ಮಾರುದ್ದದ ಸಾಲನ್ನು ಒಂದೊಂದಾಗಿ ಹೊಡೆದಳು. ಯಂತ್ರ ಒಂದು ಗಳಿಗೆ ಯೋಚಿಸಿ, ಅಂಥ ಸಾಧನವೇ ಇಲ್ಲ ಅಂದಿತು.

ಅದನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರು. ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಇಲ್ಲ ಅಂತಿದೆ. ಯಂತ್ರ ಸುಳ್ಳು ಹೇಳುತ್ತಾ?"

"ಎಲ್ಲೋ ಒಂದಂಕಿ ತಪ್ಪಿದೆ ಆತಾ. ಮತ್ತೆ ಹೊಡೀತೀನಿ."

"ಈ ಉದ್ದದ ನಂಬರು ಯಾಕೆ ಬೇಕಿತ್ತು? ಆ ಭಾಗಕ್ಕೆ ಒಂದು ಹೆಸರಿದೆ. ಹೆಸರು ಬರೆದ್ರೂ ಯಂತ್ರ ಹುಡುಕಿ ಕೊಡುತ್ತೆ. ನಾನೇನು ಕುರಿ ಕಾಯ್ದವನಾ, ನನಗೂ ಗೊತ್ತು. ಯಾಕೆ ಬರೀಲಿಲ್ಲ?"

ಅವಳು ಕೈಯಲ್ಲಿದ್ದ ಚೀಟಿಯನ್ನು ಮಡಚಿದಳು.

"ಬರಿಯೋದು ಬೇಡ. ಬಾಯಲ್ಲಿ ಹೇಳು, ಅದರ ಹೆಸರೇನು?"

ಬೇಗಾಯಿಮ್ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಿವಿಯವರೆಗೂ ಕೆಂಪಾದಳು.

"ನೋಡು ಬೈಬಿಚೆ" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. ಹೆಂಡತಿಯನ್ನು ಹಾಗೆ ಮರ್ಯಾದೆಯಿಂದ ಕರೆಯುವುದು ನಮ್ಮಲ್ಲಿ ರೂಢಿ, ಸಿಟ್ಟು ಬಂದಾಗಲೂ. "ಹೆಸರು ಹೇಳೋಕಾಗಲ್ಲ. ಯಾಕಂದ್ರೆ ಆ ಭಾಗವೇ ಉಳಿದಿಲ್ಲ. ಶನಿವಾರ ನಾನು ಕುಲದವರ ಮುಂದೆ ಏನು ಓದ್ಲಿ, ಇವಳ ನಕ್ಷೆ ಓದ್ಲಾ? ತಿಲೆಕ್‌ಗೆ ಫೋನ್ ಮಾಡು. ಬಂದು ಇವಳನ್ನ ತವರಿಗೆ ಬಿಟ್ಟು ಬರಲಿ."

ತವರಿಗೆ ಎಂಬ ಮಾತು ಕೇಳಿ ಹುಡುಗಿಯ ಕಣ್ಣು ತುಂಬಿದವು. ಆದರೂ ತುಟಿ ಬಿಚ್ಚಲಿಲ್ಲ. ಒಳಗೆ ಮಾತು ಇದೆ, ಬಾಗಿಲು ಹಾಕಿಕೊಂಡಿದ್ದಾಳೆ ಎಂಬುದು ಕಾಣುತ್ತಿತ್ತು. ಆ ಬಿಗಿದ ತುಟಿಯನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡಿದ್ದು ನನ್ನ ಮುಖದಲ್ಲೇ. ನಾನು ಈ ಮನೆಗೆ ಬಂದ ಹೊಸತರಲ್ಲಿ, ಪಡಿತರದವನು ಮಾವನ ಹೆಸರೇನಮ್ಮ ಎಂದು ಕೇಳಿದಾಗ ಹೀಗೇ ನಿಂತು, ಸಕ್ಕರೆ ಇಲ್ಲದೆ ವಾಪಸು ಬಂದಿದ್ದೆ. ಗಂಡನ ಹೆಸರಾಗಲಿ ಮಾವನ ಹೆಸರಾಗಲಿ ಹೆಂಗಸರು ಬಾಯಿಗೆ ತರುವಂತಿಲ್ಲ ನಮ್ಮಲ್ಲಿ. ಇವಳು ಪಟ್ಟಣದವಳು, ಇವಕ್ಕೆಲ್ಲ ನಗುವವಳು ಅಂದುಕೊಂಡಿದ್ದೆನಲ್ಲ. ಬಾಯಲ್ಲಿ ಆಡುವುದಿರಲಿ, ಮಾವನ ಹೆಸರನ್ನು ಬೆರಳಿನಿಂದ ಹೊಡೆಯಲೂ ಆಗದೆ ಆ ಮಾರುದ್ದದ ನಂಬರಿನ ಜೊತೆ ಗುದ್ದಾಡಿದ್ದಾಳೆ. ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು. ಅದನ್ನೆಲ್ಲ ಗಂಡನ ಮೇಲೆ ತೀರಿಸಿದೆ.

"ಸಾತಿಬಾಲ್ಡಿ" ಅಂದೆ.

ಮೇಷ್ಟ್ರು ಬಾಗಿಲ ಕಡೆ ನೋಡಿದರು, ಹೊರಗಿನಿಂದ ಯಾರೋ ಕರೆದರು ಎನ್ನುವಂತೆ. ಆಮೇಲೆ ನನ್ನನ್ನು ನೋಡಿದರು.

"ಏನಂದೆ?"

"ಅದೇ ಅದರ ಹೆಸರು. ನಿಮ್ಮದು. ಈ ಹುಡುಗಿ ತವರಿಗೆ ಹೋಗೋಕೂ ತಯಾರು, ಅದನ್ನ ಮಾತ್ರ ಬಾಯಿಗೆ ತರಲ್ಲ. ನೀವು ಭೌತಶಾಸ್ತ್ರ ಕಲಿಸಿದ್ರಿ ಸರಿ, ಇಷ್ಟು ತಿಳೀಲಿಲ್ವಾ? ಈಗ ಆ ನಂಬರು ಅಳಿಸಿ ನೀವೇ ಹೊಡೀರಿ. ನಿಮ್ಮ ಹೆಸರು ಹೊಡೆಯೋಕೆ ನಿಮಗೇನೂ ಅಡ್ಡಿ ಇಲ್ವಲ್ಲ."

ಬೇಗಾಯಿಮ್ ಎದ್ದು ಜಾಗ ಬಿಟ್ಟಳು. ಎಲ್ಲಿ ಹೊಡೆಯಬೇಕೆಂದು ಬೆರಳು ಮಾಡಿ ತೋರಿಸಿ, ಮುಖ ಆಚೆ ತಿರುಗಿಸಿದಳು. ಮೇಷ್ಟ್ರು ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೆಸರನ್ನು ಹೊಡೆದರು. ಪರದೆಯಲ್ಲಿ ಸಾಲುಗಳು ಓಡಿದವು. ಅವರ ಹಳೆಯ ಲಿನಕ್ಸ್ ಎದ್ದಿತು. ವಂಶಾವಳಿ ಇಟ್ಟಲ್ಲೇ ಇತ್ತು, ಕೂದಲೂ ಕೊಂಕಿರಲಿಲ್ಲ.

ಮೇಷ್ಟ್ರು ಅದನ್ನು ಮೇಲಿನಿಂದ ಕೆಳಗೆ ಸರಿಸಿ ನೋಡಿದರು. ಕೊನೆಗೆ, "ಕೆಲಿನ್" ಅಂದರು, ಸೊಸೆಯನ್ನು ಕರೆಯುವ ಮಾತಿನಲ್ಲಿ, ಆದರೆ ಅವಳ ಕಡೆ ನೋಡದೆ. "ಇದರದ್ದೊಂದು ಪ್ರತಿ ತೆಗೆದು ನಿನ್ನ ಹತ್ರ ಇಟ್ಕೊ. ನನ್ನ ಬುದ್ಧಿ ನೆಟ್ಟಗಿಲ್ಲ."

ಅವಳು ತಲೆಯಾಡಿಸಿ, ಕಣ್ಣೊರೆಸಿಕೊಂಡು ಒಲೆಯ ಹತ್ತಿರ ಹೋದಳು. ನನ್ನ ಎಣ್ಣೆ ಅಲ್ಲಿ ಹೊಗೆಯಾಡುತ್ತಿತ್ತು. ನಾನೂ ಏಳಬೇಕೆಂದಿದ್ದೆ. ಮೇಷ್ಟ್ರು ನನ್ನ ತೋಳು ಹಿಡಿದು ಕೂರಿಸಿದರು.

"ಅಣ್ಣ ಹೋದ ಮೇಲೆ ಆ ಹೆಸರು ಹಿಡಿದು ನನ್ನ ಕರೆಯೋರು ಯಾರೂ ಉಳಿದಿರ್ಲಿಲ್ಲ" ಅಂದರು ಸಣ್ಣ ದನಿಯಲ್ಲಿ. "ಇನ್ನೊಂದ್ಸಲ ಹೇಳು."