ಕಾಗದದಲ್ಲಿಲ್ಲದ ಶಾಲೆ

ತೊಂಬತ್ತೆರಡರಲ್ಲಿ ಮೆಕ್ಸಿಕೋದ ಕೇಂದ್ರ ಸರ್ಕಾರ ತನ್ನ ಶಾಲೆಗಳನ್ನೆಲ್ಲ ರಾಜ್ಯಗಳ ಕೈಗೊಪ್ಪಿಸಿತು. ಸಾಂತಾ ರೀತಾ ಊರಿನ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರ್ ಹಿಲಾರಿಯೋ ಬಾರ್ಸೆನಾಸ್‌ಗೆ ಸಂತೋಷವೇ ಆಯಿತು. ಮೆಕ್ಸಿಕೋ ನಗರಕ್ಕೆ ಪತ್ರ ಬರೆದು ಉತ್ತರಕ್ಕೆ ಕಾದು ಕಾದು ಅವನ ತಲೆ ನರೆತಿತ್ತು. ಇನ್ನು ಮೇಲೆ ಯಜಮಾನರು ಬಸ್ಸಿನಲ್ಲಿ ಮೂರು ಗಂಟೆಯ ದೂರದಲ್ಲಿರುತ್ತಾರೆ, ಹೋಗಿ ಎದುರು ನಿಂತು ಮಾತಾಡಬಹುದು ಎಂದುಕೊಂಡ.

ಸೆಪ್ಟೆಂಬರಿನಲ್ಲಿ ರಾಜ್ಯದ ಕಚೇರಿಯಿಂದ ಒಂದು ನಮೂನೆ ಬಂತು. ಒಬ್ಬೊಬ್ಬ ಶಿಕ್ಷಕರಿಗೂ ಒಂದೊಂದು ಸಾಲು. ಮೊದಲ ಕಾಲಂ: ದಾಖಲೆಯ ಪ್ರಕಾರ ಯಾವ ಶಾಲೆ. ಎರಡನೆಯದು: ನಿಜವಾಗಿ ಪಾಠ ಮಾಡುವುದು ಎಲ್ಲಿ. ಹಿಲಾರಿಯೋನ ಪೆನ್ನು ಸರಸರ ಓಡಿ, ಒತೀಲಿಯಾ ಪಿನೇದೊ ಹೆಸರಿಗೆ ಬಂದು ನಿಂತಿತು.

ಒತೀಲಿಯಾ ದಾಖಲೆಯಲ್ಲಿ ಮೂರನೇ ತರಗತಿ ‘ಬಿ’ ವಿಭಾಗದ ಟೀಚರ್. ಆದರೆ ಆ ವಿಭಾಗವೇ ಇರಲಿಲ್ಲ. ಹನ್ನೊಂದು ವರ್ಷಗಳಿಂದ ಅವಳು ಪಾಠ ಮಾಡುತ್ತಿದ್ದದ್ದು ಗುಡ್ಡದ ಮೇಲಿನ ಎಲ್ ಸೌಸ್ ಎಂಬ ಹಟ್ಟಿಯಲ್ಲಿ. ಆ ಹಟ್ಟಿಯವರು ಹಸಿ ಇಟ್ಟಿಗೆಯಲ್ಲಿ ತಾವೇ ಒಂದು ಕೋಣೆ ಕಟ್ಟಿ, ಪಾಪಾಸುಕಳ್ಳಿ ಹಣ್ಣಿನ ಬುಟ್ಟಿ ಹೊತ್ತು ಬಂದು, "ಒಬ್ರು ಟೀಚರಮ್ಮನ್ನ ಕೊಡಿ ಮೇಷ್ಟ್ರೇ" ಎಂದು ಹಿಲಾರಿಯೋನ ಬಾಗಿಲಲ್ಲಿ ಕೂತಿದ್ದರು. ಕೇಂದ್ರದಿಂದ ಮಂಜೂರಾತಿ ಬರುವ ಹೊತ್ತಿಗೆ ಆ ಮಕ್ಕಳಿಗೆ ಮೊಮ್ಮಕ್ಕಳಾಗುತ್ತವೆ ಎಂದು ಗೊತ್ತಿದ್ದ ಹಿಲಾರಿಯೋ ಸದ್ದಿಲ್ಲದೆ ಒತೀಲಿಯಾಳನ್ನು ಕಳಿಸಿದ. ಹಟ್ಟಿಯ ಮಕ್ಕಳ ಹೆಸರನ್ನು ತನ್ನ ಹಾಜರಿ ಪುಸ್ತಕದಲ್ಲೇ ಬರೆದುಕೊಂಡ. ಅವನ ಜೀವಮಾನದ ಒಳ್ಳೆಯ ಕೆಲಸವೆಂದರೆ ಅದೇ. ಮೆಕ್ಸಿಕೋ ನಗರದಿಂದ ಯಾರೂ ಇತ್ತ ತಲೆ ಹಾಕಲಿಲ್ಲ.

ಈಗ ನಿಜ ಬರೆದರೆ ಹನ್ನೊಂದು ವರ್ಷದ ಸುಳ್ಳು ಹಾಜರಿಗೆ ಉತ್ತರ ಕೊಡಬೇಕು. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಒತೀಲಿಯಾಳ ಕೆಲಸಕ್ಕೂ ಕುತ್ತು ಬಂದೀತು ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವಾಗಲೇ ಅದು ನೆಪವೆಂದು ಒಳಗೆ ಗೊತ್ತಿತ್ತು. ಎರಡೂ ಕಾಲಮ್ಮಿನಲ್ಲಿ ‘ಸಾಂತಾ ರೀತಾ’ ಎಂದು ಬರೆದು ಸಹಿ ಹಾಕಿದ.

ಜನವರಿಯಲ್ಲಿ ರಾಜ್ಯದ ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬಂದಿಳಿದರು. ಇಪ್ಪತ್ತು ನಿಮಿಷದ ದಾರಿಯ ಊರಲ್ಲೇ ಇರುವವರು. "ಮೂರನೇ ಬಿ ಎಲ್ಲಿ?" ಎಂದರು. ಟೀಚರಿಗೆ ಹುಷಾರಿಲ್ಲ, ಮಕ್ಕಳನ್ನು ಬೇರೆ ತರಗತಿಗೆ ಸೇರಿಸಿದ್ದೇನೆ ಎಂದ ಹಿಲಾರಿಯೋ. ಇನ್‌ಸ್ಪೆಕ್ಟರು ನಕ್ಕು, "ನಾಳೆಯಿಂದ ದಿನಾ ಸಹಿ ಆಗ್ಬೇಕು. ನಾನು ಬರ್ತಾ ಇರ್ತೀನಿ" ಎಂದು ಹೋದರು.

ಮರುದಿನ ಒತೀಲಿಯಾ ಗುಡ್ಡ ಇಳಿದು ಬಂದಳು. ಎಲ್ ಸೌಸ್‌ನ ಕೋಣೆಗೆ ಬೀಗ ಬಿತ್ತು. ಒಂದರಿಂದ ಆರನೇ ತರಗತಿಯವರೆಗಿನ ಹತ್ತೊಂಬತ್ತು ಮಕ್ಕಳು, ದಿನಾ ಗುಡ್ಡ ಇಳಿದು ಹತ್ತಲಾಗದೆ, ಮನೆಯಲ್ಲುಳಿದರು.

"ನನ್ನ ಕೆಲ್ಸ ಉಳಿಸಿದ್ರಿ ಮೇಷ್ಟ್ರೇ, ನಿಮ್ಮ ಉಪಕಾರ ಮರೆಯಲ್ಲ" ಎಂದಳು ಅವಳು. "ಆದ್ರೆ ಈ ರಾಜ್ಯದೋರಿಗೆ ಕಣ್ಣಿಲ್ವಾ? ಮೇಲೊಂದು ಸ್ಕೂಲಿದೆ ಅಂತ ಗೊತ್ತಾಗಲ್ವಾ ಇವ್ರಿಗೆ?"

ಹಿಲಾರಿಯೋ ಸೀಮೆಸುಣ್ಣದ ಡಬ್ಬಿಯನ್ನು ಅತ್ತ ಸರಿಸಿ ಇತ್ತ ಸರಿಸಿದ. "ಹೊಸಬ್ರಲ್ವಾ" ಎಂದ.

ವಾರ ಕಳೆಯುವುದರೊಳಗೆ ಹಟ್ಟಿಯ ಹಿರಿಯ ಎಲ್ಯೂತೇರಿಯೋ ನಾಲ್ಕು ಜನರನ್ನು ಕರೆದುಕೊಂಡು ಬಂದ. "ಕೇಂದ್ರದೋರು ದೂರ ಇದ್ರು, ಕಾಣ್ತಿರ್ಲಿಲ್ಲ, ಸರಿ. ಇವ್ರು ಮೂಗಿನ ಕೆಳಗೇ ಇದಾರೆ, ಇವ್ರಿಗೂ ಕಾಣಲ್ವಂತೆ! ಒಂದ್ ಅರ್ಜಿ ಬರೀರಿ ಮೇಷ್ಟ್ರೇ, ಉಗಿದು ಬರೀರಿ."

ಹಿಲಾರಿಯೋ ಬರೆದ. ಅವನ ಅಕ್ಷರ ಮುತ್ತಿನಂತಿತ್ತು. ‘ಅಧಿಕಾರಿಗಳ ಅಲಕ್ಷ್ಯದಿಂದ’ ಎಂದು ಬರೆಯುವಾಗಲೂ ಒಂದಕ್ಷರ ಓರೆಯಾಗಲಿಲ್ಲ. ಅವರು ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಶಾಯಿ ಒರೆಸಿಕೊಳ್ಳಲು ಅವನೇ ಬಟ್ಟೆ ಹಿಡಿದು ನಿಂತ.

ಅರ್ಜಿ ಕೊಡಲು ನೀವೇ ಮುಂದೆ ನಡೀರಿ ಎಂದರು ಹಟ್ಟಿಯವರು. ಅವನು, ಒತೀಲಿಯಾ, ಎಲ್ಯೂತೇರಿಯೋ ಮೂವರೂ ಬಸ್ಸು ಹತ್ತಿದರು.

ಕಚೇರಿಯ ಅಧಿಕಾರಿ ಮೂವತ್ತರ ಆಸುಪಾಸಿನ ಹೆಂಗಸು. ಅರ್ಜಿಯನ್ನು ಕೊನೆಯವರೆಗೂ ಓದಿದಳು. ಎದ್ದು ಹೋಗಿ ಒಂದು ಕಡತ ತಂದು, ಹಾಳೆ ಹುಡುಕಿ ಮೇಜಿನ ಮೇಲೆ ಅವರತ್ತ ತಿರುಗಿಸಿಟ್ಟಳು.

"ಎಲ್ ಸೌಸ್ ಅಂತ ಶಾಲೆ ನಮ್ಮ ಹತ್ರ ಇಲ್ಲ. ಯಾರೂ ಹೇಳಿಲ್ಲ. ನಿಜವಾಗಿ ಪಾಠ ಮಾಡೋದು ಎಲ್ಲಿ ಅಂತ ಕೇಳಿದ್ವಿ, ನೋಡಿ. ಈ ಸಹಿ ಯಾರದು?"

ಒತೀಲಿಯಾ ಬಗ್ಗಿ ಓದಿದಳು. ನೆಟ್ಟಗಾದಳು. ಹಿಲಾರಿಯೋನತ್ತ ನೋಡಲಿಲ್ಲ.

"ಏನ್ ಬರ್ದಿದೆ ಅದ್ರಲ್ಲಿ, ಟೀಚರಮ್ಮ?" ಓದು ಬಾರದ ಎಲ್ಯೂತೇರಿಯೋ ಕೇಳಿದ.

ಅವಳು ಗೋಡೆಯತ್ತ ಮುಖ ಮಾಡಿ ನಿಂತಳು. ತನಗಾಗಿ ಅವಳು ಸುಳ್ಳು ಹೇಳುವ ಹೊತ್ತು ಬಂದೀತೆಂದು ಹಿಲಾರಿಯೋಗೆ ಹೆದರಿಕೆಯಾಯಿತು.

"ನಂದು ಸಹಿ" ಎಂದ. "ನಿಮ್ಮ ಸ್ಕೂಲು ಇದೆ ಅಂತ ನಾನೇ ಬರೀಲಿಲ್ಲ, ಎಲ್ಯೂತೇರಿಯೋ. ಪಿಂಚಣಿಗೆ ಹೆದರ್ಕೊಂಡೆ. ಅರ್ಜೀಲಿ ಬರ್ದಿದ್ದೂ ಸುಳ್ಳು."

ಮುದುಕ ಕೂತಲ್ಲೇ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸಿದ. "ನಮಗೊಂದ್ ಮಾತು ಹೇಳ್ಬಾರ್ದಿತ್ತಾ?" ಎಂದ. "ಹೇಳಿದ್ರೆ ನಿಮ್ಮ ಪರವಾಗಿನೂ ಹೆಬ್ಬೆಟ್ಟು ಒತ್ತಿರ್ತಿದ್ವಲ್ಲಪ್ಪಾ ನಾವು."

ಬೈದಿದ್ದರೆ ಹಿಲಾರಿಯೋ ತಡೆದುಕೊಳ್ಳುತ್ತಿದ್ದ.

ಲಿಖಿತ ಹೇಳಿಕೆ ಕೊಟ್ಟರೆ ಶಾಲೆಯನ್ನು ಪಟ್ಟಿಗೆ ಸೇರಿಸಬಹುದು, ಆದರೆ ನಿಮ್ಮ ಮೇಲೆ ಕ್ರಮ ತಪ್ಪದು ಎಂದಳು ಅಧಿಕಾರಿ. ಅಲ್ಲೇ ಕೂತು ಬರೆದುಕೊಟ್ಟ. ಅವನ ಹೆಡ್‌ಮಾಸ್ಟರಿಕೆ ಹೋಯಿತು. ಕೊನೆಯ ತಿಂಗಳುಗಳನ್ನು ಬೇರೆ ಊರಲ್ಲಿ ಸಾದಾ ಮೇಷ್ಟ್ರಾಗಿ ಕಳೆದ. ಎಲ್ ಸೌಸ್‌ಗೆ ಸ್ವಂತ ಸಂಖ್ಯೆ, ಸ್ವಂತ ಮೊಹರು ಬಂತು. ಬೀಗ ತೆಗೆಯುವಾಗ ಮತ್ತೆ ಸೆಪ್ಟೆಂಬರ್. ಹತ್ತೊಂಬತ್ತರಲ್ಲಿ ಹನ್ನೆರಡು ಮಕ್ಕಳು ಬಂದರು. ಉಳಿದವರು ಅಪ್ಪಂದಿರ ಹಿಂದೆ ಟೊಮೆಟೊ ಬಿಡಿಸಲು ಉತ್ತರಕ್ಕೆ ಹೋಗಿದ್ದರು, ಇಲ್ಲವೇ ಕೆಲಸಕ್ಕೆ ಸೇರಿದ್ದರು. ಒತೀಲಿಯಾ ದಾರಿಯಲ್ಲಿ ಸಿಕ್ಕಾಗ ಈಗಲೂ ನಮಸ್ಕಾರ ಹೇಳುತ್ತಾಳೆ, ನಿಂತು ಮಾತಾಡುವುದಿಲ್ಲ.

ಶಾಲೆಗೆ ಮರಳದ ಆ ಏಳು ಮಕ್ಕಳಲ್ಲೊಬ್ಬಳು ಹಸಿಂತಾ. ಬೀಗ ಬಿದ್ದಾಗ ಆರನೇ ತರಗತಿ ಮುಗಿಸಲು ಅವಳಿಗೆ ಐದೇ ತಿಂಗಳು ಉಳಿದಿತ್ತು. ಸಾಂತಾ ರೀತಾದ ಬಸ್ ನಿಲ್ದಾಣದಲ್ಲಿ ಸೋದರತ್ತೆಯ ಜೊತೆ ಬೀನ್ಸ್ ತುಂಬಿದ ಗೊರ್ದಿತಾ ಎಂಬ ದಪ್ಪ ರೊಟ್ಟಿ ಸುಡುತ್ತಾಳೆ. ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ಹಿಲಾರಿಯೋ ಅಲ್ಲಿಗೆ ಹೋದ.

"ಸಂಜೆ ಮನೆಗ್ ಬಾರಮ್ಮ. ಆರನೇ ಕ್ಲಾಸ್ ಪಾಠ ನಾನೇ ಹೇಳ್ಕೊಡ್ತೀನಿ. ಪರೀಕ್ಷೆ ಕಟ್ಟಬಹುದು."

ಅವಳು ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. "ಇನ್ಯಾಕ್ ಮೇಷ್ಟ್ರೇ? ಸಂಜೆ ಹಿಟ್ಟು ನಾದೋದಿರತ್ತೆ" ಎಂದಳು, ಬೇಸರವಿಲ್ಲದ ದನಿಯಲ್ಲಿ. ಒಂದು ಗೊರ್ದಿತಾವನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟು, ಬಸ್ಸಿಳಿದ ಗಿರಾಕಿಗಳತ್ತ ತಿರುಗಿದಳು.